ಮೆಣಸಿನಕಾಯಿ ಹುರಿಯುವ ಪರವಾನಗಿ

ಪ್ರತಿ ವರ್ಷ ಫೆಬ್ರವರಿ ಬಂದರೆ ಪದ್ಮಾವತಿ ಪಾಲಿಕೆ ಕಚೇರಿಗೆ ಹೋಗಿ, ಕಾರ್ಖಾನೆಯ ಪರವಾನಗಿ ನವೀಕರಣಕ್ಕೆ ಅರ್ಜಿ ಕೊಟ್ಟು, ಬರುವ ದಾರಿಯಲ್ಲಿ ಒಂದು ಮೊಳ ಕನಕಾಂಬರ ಕೊಂಡು ಮುಡಿದುಕೊಂಡು ಬರುತ್ತಿದ್ದಳು. ಅಷ್ಟು ಸಲೀಸಾದ ಕೆಲಸ ಅದು. ಈ ಸಲ ಮಾತ್ರ ಪರವಾನಗಿಯ ಬದಲು ನೋಟಿಸು ಬಂತು. ಹಿಂಬದಿಯ ಅಪಾರ್ಟ್‌ಮೆಂಟಿನವರು ಆಕ್ಷೇಪಣೆ ಹಾಕಿದ್ದರು. ಮೆಣಸಿನಕಾಯಿ ಹುರಿಯುವ ಹೊಗೆಯಿಂದ ಮಕ್ಕಳಿಗೆ, ವಯಸ್ಸಾದವರಿಗೆ ಉಸಿರಾಟದ ತೊಂದರೆ ಆಗುತ್ತಿದೆ. ಪರವಾನಗಿ ಯಾಕೆ ನಿರಾಕರಿಸಬಾರದು ಎಂದು ವಿಚಾರಣೆಗೆ ಬಂದು ಹೇಳಿ, ಎಂದಿತ್ತು.

ಪದ್ಮಾವತಿ ಅದನ್ನು ನಿಂತಲ್ಲೇ ಓದಿದಳು. ಓದಿ ಮುಗಿಸಿ ಗಂಡನ ಕಡೆ ತಿರುಗಿ, "ನೆನ್ನೆ ಮೊನ್ನೆ ಬಂದೋರು ನಮ್ಮನ್ನ ಓಗು ಅಂತಾವ್ರೆ, ನೋಡು," ಎಂದಳು.

ಸೊಣ್ಣಪ್ಪ ಹುರಿಯುವ ಉರುಳೆಯ ಬೇರಿಂಗಿಗೆ ಗ್ರೀಸು ಹಚ್ಚುತ್ತಿದ್ದ. ಪೀಣ್ಯದ ವರ್ಕ್‌ಶಾಪುಗಳಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಹೆಂಡತಿಯ ಕಾರ್ಖಾನೆಯ ಯಂತ್ರ ನೋಡಿಕೊಂಡಿರುವ ಮನುಷ್ಯ. ಮಾತು ಕಡಿಮೆ. "ಊಂ," ಎಂದು ಗ್ರೀಸು ಹಚ್ಚುವುದನ್ನು ಮುಂದುವರಿಸಿದ.

ಕಾರ್ಖಾನೆ ಅಂದರೆ ಬಹಳ ದೊಡ್ಡದೇನೂ ಅಲ್ಲ. ನಾಗಸಂದ್ರದ ಹಳೇ ಊರಿನ ಅಂಚಿನಲ್ಲಿ ಶೀಟು ಹೊದಿಸಿದ ಎರಡು ಶೆಡ್ಡು. ಒಂದರಲ್ಲಿ ಹುರಿಯುವ ಉರುಳೆ, ಇನ್ನೊಂದರಲ್ಲಿ ಕುಟ್ಟುವ ಯಂತ್ರ, ಜರಡಿ, ಪ್ಯಾಕಿಂಗು. ತೊಟ್ಟು ಬಿಡಿಸಲು, ಅಳೆಯಲು, ಪೊಟ್ಟಣ ಕಟ್ಟಲು ಊರಿನದೇ ಹೆಂಗಸರು. ಇದೆಲ್ಲ ಶುರುವಾಗಿದ್ದು ಪದ್ಮಾವತಿಯ ಅತ್ತೆ ಸೊಣ್ಣಮ್ಮನಿಂದ. ಸುತ್ತ ಸರ್ಕಾರಿ ಕಾರ್ಖಾನೆಗಳು ಜೋರಾಗಿ ನಡೆಯುತ್ತಿದ್ದ ಕಾಲದಲ್ಲಿ ಆ ಮುದುಕಿ ಕ್ವಾರ್ಟರ್ಸಿನ ಮನೆಮನೆಗೆ ಹೋಗಿ ಸಾರಿನ ಪುಡಿ ಕುಟ್ಟಿಕೊಡುತ್ತಿದ್ದಳು. ಕುದೂರಿನ ಕಡೆಯಿಂದ ಮದುವೆಯಾಗಿ ಬಂದ ಪದ್ಮಾವತಿ ಮೊದಲ ದಿನವೇ ಒನಕೆ ಹಿಡಿದಳು. ಅಂಗೈ ಬೊಬ್ಬೆ ಒಡೆದು, ಒಡೆದ ಜಾಗಕ್ಕೆ ಖಾರ ಇಳಿದು, ರಾತ್ರಿಯೆಲ್ಲ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತಿದ್ದಳು. ಆಮೇಲೆ, "ಇಂಗೆ ಕುಟ್ಟಾದು ಮನುಷ್ಯರ ಕೆಲ್ಸ ಅಲ್ಲ ಅತ್ತೆ, ಮಿಷಿನ್ ತರಾಣ," ಎಂದು ಹಟ ಹಿಡಿದಳು. ಅತ್ತೆ ಬೈದಳು, ಮಾತು ಬಿಟ್ಟಳು, ಕೊನೆಗೆ ಒಪ್ಪಿದಳು. ಯಂತ್ರ ಬಂದ ದಿನ ಮುದುಕಿಯೇ ಅದಕ್ಕೆ ಕುಂಕುಮ ಇಟ್ಟು, ಮೊದಲ ಹಿಡಿ ಮೆಣಸಿನಕಾಯಿ ಹಾಕಿದಳು. ಈಗ ಅವಳಿಲ್ಲ, ಪೊಟ್ಟಣದ ಮೇಲೆ ಅವಳ ಹೆಸರಿದೆ. ಪೀಣ್ಯದ ಎಷ್ಟೋ ಕ್ಯಾಂಟೀನುಗಳಲ್ಲಿ, ಹಾಸ್ಟೆಲುಗಳಲ್ಲಿ, ಮದುವೆ ಅಡುಗೆಯವರ ಸಾಮಾನಿನಲ್ಲಿ ಸೊಣ್ಣಮ್ಮ ಸಾಂಬಾರ್ ಪುಡಿ ಇರುತ್ತದೆ.

ನೋಟಿಸಿನ ಸುದ್ದಿ ಕಿವಿಗೆ ಬಿದ್ದದ್ದೇ ಸೊಣ್ಣಪ್ಪನ ತಮ್ಮ ಅಂಬರೀಶ್ ಬುಲೆಟ್ಟಿನಲ್ಲಿ ಬಂದಿಳಿದ. ಸೈಟು ಕೊಡಿಸುವುದು, ಬಿಡಿಸುವುದು ಅವನ ಕಸುಬು.

"ಅತ್ತಿಗೆ, ಬೇಜಾರ್ ಮಾಡ್ಕೊಬೇಡಿ. ಇದು ಒಂಥರಾ ಒಳ್ಳೇದೇ ಆಯ್ತು ಕಣ್ರೀ. ಬಿಲ್ಡರ್ ಒಬ್ರು ಈ ಜಾಗ ಕೇಳ್ತಾನೇ ಅವ್ರೆ. ಕೊಟ್ಬಿಟ್ಟು ಮಾದನಾಯಕನಹಳ್ಳಿ ಕಡೆ ಒಂದು ಗೋಡೌನ್ ಹಾಕ್ಕಂಡು ಆರಾಮಾಗಿ ಬಾಡಿಗೆ ತಿನ್ನಿ. ಈ ಗಲಾಟೆ ಯಾಕೆ ಬೇಕು?"

"ಈ ಅರ್ಜಿ ಹಾಕಿದೋರ್ಗೆ ದಾರಿ ತೋರಿಸಿದ್ದು ನೀನೇನಾ?"

"ಛೇ ಛೇ, ಏನ್ ಮಾತಾಡ್ತೀರಾ!"

"ಅಲ್ಲ ಅಂದ್ರೆ ಸಂತೋಷ. ಊಟದ್ ಟೈಮಿಗೆ ಬಂದಿದ್ದೀಯ, ಉಂಡ್ಕೊಂಡು ಓಗು. ಜಾಗದ್ ಮಾತು ಮಾತ್ರ ಈ ಬಾಗ್ಲು ಒಳಗೆ ಬ್ಯಾಡ."

ಅಂಬರೀಶ್ ಉಣ್ಣದೆ ಹೋದ.

ಮರುದಿನ ಪದ್ಮಾವತಿ ಜಗಳಕ್ಕೆಂದೇ ಅಪಾರ್ಟ್‌ಮೆಂಟಿಗೆ ಹೊರಟಳು. ಕಾಂಪೌಂಡಿಗೆ ಕಾಂಪೌಂಡು ತಾಗಿದ್ದರೂ ಗೇಟಿಗೆ ಹೋಗಲು ಊರೆಲ್ಲ ಸುತ್ತಬೇಕು. ಕಾವಲುಗಾರ ಅವಳನ್ನು ತಡೆದು, ಯಾವ ಫ್ಲ್ಯಾಟು, ಯಾರು ಕರೆದಿದ್ದಾರೆ, ಫೋನಿನಲ್ಲಿ ಒಪ್ಪಿಗೆ ಬರಬೇಕು ಎಂದ.

"ಒಪ್ಪಿಗೆನಾ? ನೀನು ನಿಂತಿರೋ ಜಾಗದಾಗೆ ನಮ್ಮತ್ತೆ ಅವರೆಕಾಯಿ ಕಿತ್ತವ್ಳೆ ಕಣಪ್ಪ. ಕರಿ, ಅರ್ಜಿ ಹಾಕಿರೋರು ಯಾರು, ಅವರನ್ನೇ ಕರಿ!"

ಗದ್ದಲ ಕೇಳಿ ಒಬ್ಬ ಹೆಂಗಸು ಕೈಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಹಿಡಿದುಕೊಂಡೇ ಬಂದಳು. ಭಾನುಮತಿ. ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘದ ಅಧ್ಯಕ್ಷ ರಾಮಪ್ರಸಾದರ ಹೆಂಡತಿ. ಗಂಡ ಹೆಂಡತಿ ಇಬ್ಬರೂ ಒಂದೇ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು, ನಿವೃತ್ತರಾಗಿ, ಬಂದ ಹಣವನ್ನೆಲ್ಲ ಈ ಮೂರನೇ ಮಹಡಿಯ ಮನೆಗೆ ಹಾಕಿದವರು. ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವುದರಿಂದ ಮೊಮ್ಮಗಳು ಸಮನ್ವಿತಾ ಇವರ ಹತ್ತಿರವೇ ಬೆಳೆಯುತ್ತಿದ್ದಳು.

"ಅರ್ಜಿಗೆ ಮೊದಲನೇ ಸಹಿ ನನ್ನದೇ," ಎಂದಳು ಭಾನುಮತಿ. "ಏನೀಗ?"

"ಏನೀಗ ಅಂದ್ರೆ? ಮನೆ ತಗೊಳ್ಳೋವಾಗ ಕಣ್ಣು ಕಾಣಲಿಲ್ವಾ? ಕಾರ್ಖಾನೆ ಅಲ್ಲೇ ಇತ್ತಲ್ಲ?"

"ಇತ್ತು. ತೋರಿಸೋಕೆ ಕರ್ಕೊಂಡು ಬಂದ ದಿನ ಹೊಗೆ ಇರಲಿಲ್ಲ. ಬಿಲ್ಡರ್ ಭಾನುವಾರಾನೇ ಕರ್ಕೊಂಡು ಬರ್ತಿದ್ದ, ಯಾಕೆ ಅಂತ ಆಮೇಲೆ ಗೊತ್ತಾಯ್ತು. ನೋಡಿ, ನಿಮ್ಮ ಪುಡಿ ಚೆನ್ನಾಗಿರುತ್ತೆ, ನಮ್ಮನೇಲೂ ಅದೇ ತರೋದು. ಅದು ಬೇರೆ ವಿಷಯ. ನನ್ನ ಮೊಮ್ಮಗಳು ಕೆಮ್ಮಿ ಕೆಮ್ಮಿ ವಾಂತಿ ಮಾಡ್ಕೊತಾಳೆ."

"ಮೂವತ್ತು ವರ್ಷದಿಂದ ಅದೇ ಒಗೆಯಾಗೆ ನಿಂತಿದ್ದೀನಿ, ನಂಗೇನಾಗಿದೆ?"

"ಹಾಗಾದ್ರೆ ಬನ್ನಿ. ಒಂದು ಬೆಳಗ್ಗೆ ನಮ್ಮ ಬಾಲ್ಕನೀಲಿ ಕೂತ್ಕೊಳ್ಳಿ. ಆಮೇಲೆ ಮಾತಾಡಿ."

"ಬತ್ತೀನಿ. ನಾಳೇನೇ ಬತ್ತೀನಿ. ನಂಗೇನು ಭಯವಾ?"

ಹೇಳಿದಂತೆ ಮಾರನೆಯ ಬೆಳಿಗ್ಗೆ ಹೋದಳು. ಸೆರಗು ಬಿಗಿದು ಬಾಲ್ಕನಿಯ ಬೆತ್ತದ ಕುರ್ಚಿಯಲ್ಲಿ ಕೂತಳು. ರಾಮಪ್ರಸಾದರು ಒಂದು ಒಣ ನಮಸ್ಕಾರ ಮಾಡಿ ಪೇಪರಿನ ಹಿಂದೆ ಸರಿದುಕೊಂಡರು. ಭಾನುಮತಿ ಕಾಫಿ ತಂದಿಟ್ಟಳು. ಪದ್ಮಾವತಿ ಫೋನು ತೆಗೆದು ಗಂಡನಿಗೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಗುಂಟೂರು ಕಾಯಿ ಹಾಕು. ದಿನಾ ಎಂಗೆ ಹಾಕ್ತೀಯೋ ಅಂಗೇ. ನಾನು ಇಲ್ಲಿ ಕೂತಿದ್ದೀನಿ ಅಂತ ಒಂದು ಹಿಡಿ ಕಮ್ಮಿ ಮಾಡ್ಬ್ಯಾಡ."

ಕೂತಲ್ಲಿಂದ ಅವಳಿಗೆ ತನ್ನ ಕಾರ್ಖಾನೆಯ ಮಾಡು ಕಾಣುತ್ತಿತ್ತು. ಅದನ್ನು ಅವಳು ಎಂದೂ ಮೇಲಿನಿಂದ ನೋಡಿದವಳಲ್ಲ. ತುಕ್ಕು ಹಿಡಿದ ಶೀಟು, ಅದರ ಮೇಲೆ ಯಾರೋ ಎಸೆದ ಚೆಂಡು, ಮಾಡಿನಿಂದ ಎದ್ದು ನಿಂತ ಚಿಮಣಿ. ಆ ಚಿಮಣಿಯನ್ನು ಕಟ್ಟಿಸುವಾಗ ಸುತ್ತ ಬಯಲು. ಅಷ್ಟೆತ್ತರ ಧಾರಾಳವಾಯಿತು ಎಂದು ಎಲ್ಲರೂ ಹೇಳಿದ್ದರು. ಈಗ ಅದರ ಬಾಯಿ ಅವಳ ಮುಖಕ್ಕೆ ನೇರವಾಗಿತ್ತು. ಎದ್ದು ಕೈಚಾಚಿದರೆ ಸಿಗುತ್ತದೇನೋ ಎನ್ನುವಷ್ಟು ನೇರ.

ಹೊಗೆ ಬಂತು. ಮೊದಲು ತೆಳ್ಳಗೆ, ಆಮೇಲೆ ಗಾಳಿ ತಿರುಗಿದ್ದೇ ಒಮ್ಮೆಗೆ. ಪದ್ಮಾವತಿ ಕದಲಲಿಲ್ಲ. ಕಣ್ಣಲ್ಲಿ ನೀರು ಬಂದರೂ ಒರೆಸಿಕೊಳ್ಳಲಿಲ್ಲ. ಗಂಟಲು ತುರಿಸಿದರೂ ಕೆಮ್ಮಲಿಲ್ಲ; ಕಾಫಿ ನುಂಗಿ ಕೆಮ್ಮನ್ನೂ ನುಂಗಿದಳು. ಭಾನುಮತಿ ಬಾಗಿಲು, ಕಿಟಕಿ ಎಲ್ಲ ಹಾಕಿದಳು. ಆದರೂ ಒಳಗಿನಿಂದ ಮಗುವಿನ ಕೆಮ್ಮು ಕೇಳಿಸಿತು. ಒಣಗಿದ, ಉಸಿರಿಗೆ ಜಾಗ ಕೊಡದ ಕೆಮ್ಮು. ಅದು ನಿಂತಿತು ಅನ್ನುವಾಗ ಮತ್ತೆ ಶುರುವಾಯಿತು. ಗಾಜಿನ ಬಾಗಿಲಿನ ಆಚೆ ಹುಡುಗಿ ಅಜ್ಜಿಯ ಭುಜದ ಮೇಲೆ ಬಾಗಿ, ಕೆಂಪಾದ ಮುಖದಲ್ಲಿ, ಹೊರಗೆ ಕೂತ ಈ ಅಪರಿಚಿತ ಹೆಂಗಸನ್ನೇ ನೋಡುತ್ತಿದ್ದಳು.

ಪದ್ಮಾವತಿ ಎದ್ದಳು. ಫೋನಿನಲ್ಲಿ, "ಆರಿಸು," ಎಂದಷ್ಟೇ ಹೇಳಿದಳು. ಯಾರಿಗೂ ಹೋಗಿಬರುತ್ತೇನೆ ಎನ್ನದೆ ಮೆಟ್ಟಿಲಿಳಿದು ಹೋದಳು.

ಮನೆಗೆ ಬಂದವಳ ಸಿಟ್ಟು ಇಳಿದಿರಲಿಲ್ಲ. ಅದಕ್ಕೆ ಇನ್ನೊಂದು ಸಿಟ್ಟು ಸೇರಿತ್ತು. ತಾನು ಮೊದಲು ಬಂದವಳು ಎನ್ನುವುದು ನಿಜ. ಆ ಮಗು ಕೆಮ್ಮಿದ್ದೂ ನಿಜ. ಒಂದನ್ನು ಹಿಡಿದರೆ ಇನ್ನೊಂದು ಸುಳ್ಳಾಗುವುದಿಲ್ಲವಲ್ಲ ಎನ್ನುವುದೇ ಅವಳ ಹೊಟ್ಟೆ ಉರಿಸಿತು.

"ಈ ಒಗೇನ ಹಿಡಿಯಕ್ಕೆ ಆಯ್ತದಾ?" ಎಂದು ಗಂಡನನ್ನು ಕೇಳಿದಳು.

ಸೊಣ್ಣಪ್ಪ ತಲೆ ಕೆರೆದುಕೊಂಡ. "ನೀರಿನ ತುಂತುರಿನೊಳಗೆ ಒಗೆ ಹಾಯಿಸ್ಬೇಕು. ಘಾಟು ನೀರಿಗಿಳೀತದೆ. ಚಿಮಣೀನೂ ಎತ್ರಿಸ್ಬೇಕು. ಪೇಂಟ್ ಕಂಪನೀಲಿ ನೋಡಿವ್ನಿ. ಮಾಡ್ಬೋದು, ಟೈಮ್ ಹಿಡೀತದೆ."

ಆದರೆ ವಿಚಾರಣೆ ಅದಕ್ಕೆ ಕಾಯುವಂತಿರಲಿಲ್ಲ. ಅದರ ಹಿಂದಿನ ಸಂಜೆ ಅಂಬರೀಶ್ ಮತ್ತೆ ಬಂದು ಉಪಾಯ ಹೇಳಿದ: "ಆರು ತಿಂಗಳಲ್ಲಿ ಜಾಗ ಖಾಲಿ ಮಾಡ್ತೀವಿ ಅಂತ ಬರ್ಕೊಟ್ಬಿಡಿ ಅತ್ತಿಗೆ. ಲೈಸನ್ಸ್ ಸಿಕ್ಬಿಡುತ್ತೆ. ಆಮೇಲೆ ಯಾರು ಹೋಗ್ತಾರೆ, ಯಾರು ಕೇಳ್ತಾರೆ?"

"ಓಗಾಕಿಲ್ಲ ಅನ್ನೋಳು ಓಗ್ತೀನಿ ಅಂತ ಯಾಕ್ ಬರ್ಕೊಡ್ಲಿ?" ಎಂದಳು ಪದ್ಮಾವತಿ.

ವಿಚಾರಣೆ ನಡೆದದ್ದು ಪಾಲಿಕೆ ಕಚೇರಿಯ ಮೇಲಿನ ಕೋಣೆಯಲ್ಲಿ. ಆರೋಗ್ಯಾಧಿಕಾರಿ ಡಾಕ್ಟರ್ ಕೃಪಾ. ಅನವಶ್ಯಕ ಮಾತಿಲ್ಲದ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ರಾಮಪ್ರಸಾದರು ಲ್ಯಾಪ್‌ಟಾಪು ತೆರೆದು ಫೋಟೋ ತೋರಿಸಿದರು, ವೈದ್ಯರ ಚೀಟಿ ತೋರಿಸಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ, "ವಸತಿ ಪ್ರದೇಶದಲ್ಲಿ ಇಂಥ ಘಟಕಕ್ಕೆ ಜಾಗವೇ ಇಲ್ಲ ಮೇಡಂ. ಮುಚ್ಚಿಸಬೇಕು," ಎಂದರು.

"ನೀವೇನು ಹೇಳ್ತೀರಾ?" ಎಂದು ಅಧಿಕಾರಿ ಪದ್ಮಾವತಿಯ ಕಡೆ ನೋಡಿದರು.

"ಅವರು ಒಗೆ ಬಗ್ಗೆ ಹೇಳಿದ್ದೆಲ್ಲ ನಿಜ ಮೇಡಂ."

ಕೋಣೆಯಲ್ಲಿದ್ದವರೆಲ್ಲ ತಲೆಯೆತ್ತಿದರು. ಬಾಗಿಲ ಹತ್ತಿರ ನಿಂತಿದ್ದ ಅಂಬರೀಶ್ ಹಣೆ ಚಚ್ಚಿಕೊಂಡ.

"ಅವರ ಮನೆಯಾಗೆ ಕೂತು ನೋಡಿ ಬಂದಿದ್ದೀನಿ. ಆ ಮಗಾ ಕೆಮ್ತದೆ. ಅದು ತಪ್ಪು, ನಿಲ್ಲಿಸ್ತೀನಿ. ಚಿಮಣಿ ಎತ್ರಿಸ್ತೀನಿ, ಒಗೇನ ನೀರಿನಾಗೆ ತೊಳೀತೀನಿ. ಆದ್ರೆ ನಾನು ಓಗಾಕಿಲ್ಲ. ಊರು ನಂದು, ಕಸುಬು ನಂದು, ನನ್ನ ಜೊತೆಗೆ ದುಡಿಯೋ ಹೆಣ್ಮಕ್ಕಳು ಇದೇ ಬೀದಿಯೋರು. ಒಗೆ ಓಗ್ಲಿ ಅನ್ನಿ, ಒಪ್ತೀನಿ. ನೀನು ಓಗು ಅಂದ್ರೆ ಕೇಳಾಕಿಲ್ಲ."

ಅಧಿಕಾರಿ ಕಡತದ ಹಾಳೆ ತಿರುವಿದರು. "ಸ್ಥಳಾಂತರ ಮಾಡ್ತೀವಿ ಅಂತ ಮುಚ್ಚಳಿಕೆ ಬರೆದುಕೊಟ್ರೆ ಅಲ್ಲಿವರೆಗೆ ಪರವಾನಗಿ ಕೊಡೋಕೆ ಅವಕಾಶ ಇದೆ."

"ಬ್ಯಾಡ ಮೇಡಂ. ಸುಳ್ಳು ಬರ್ಕೊಟ್ಟು ತಗೊಳ್ಳೋ ಲೈಸನ್ಸು ಬ್ಯಾಡ."

"ಹಾಗಾದ್ರೆ ಹುರಿಯೋ ವಿಭಾಗಕ್ಕೆ ಮೊಹರು ಬೀಳುತ್ತೆ. ಕುಟ್ಟೋದು, ಪ್ಯಾಕ್ ಮಾಡೋದು ಮಾಡಬಹುದು. ಹೊಗೆ ನಿಂತಿದೆ ಅಂತ ತೋರಿಸಿದ ಮೇಲೆ ಬನ್ನಿ."

"ಹಾಕಿ," ಎಂದಳು ಪದ್ಮಾವತಿ. ಹೊರಗೆ ಬಂದು ಮೆಟ್ಟಿಲಿಳಿಯುವಾಗ ಅಂಬರೀಶ್ ಆಸರೆಗೆಂದು ಚಾಚಿದ ಕೈಯನ್ನು ತಳ್ಳಿಬಿಟ್ಟಳು.

ಹುರಿಯದ ಮೆಣಸಿನಕಾಯಿಯಿಂದ ಸೊಣ್ಣಮ್ಮ ಪುಡಿ ಆಗುವುದಿಲ್ಲ. ಬೇರೆ ಕಡೆ ಹುರಿಸಿ ತಂದು ನೋಡಿದಳು. ಕಮರಿತ್ತು, ಹಿಂದಕ್ಕೆ ಕಳಿಸಿದಳು. ಗಿರಾಕಿಗಳು ಒಬ್ಬೊಬ್ಬರೇ ಬೇರೆ ಪುಡಿ ಹಿಡಿದರು. ಅಂಗಡಿಯವರು ಫೋನು ಮಾಡುವುದು ಬಿಟ್ಟರು. ಆ ದಿನಗಳಲ್ಲಿ ಅರಿಶಿನ, ಧನಿಯಾ, ರಾಗಿ ಹಿಟ್ಟು ಮಾಡಿ ಹೆಂಗಸರ ಕೆಲಸ ಉಳಿಸಿಕೊಂಡಳು. ತೊಟ್ಟು ಬಿಡಿಸುವ ವೇಣಿ ಒಂದು ದಿನ, "ಅಕ್ಕಾ, ಬೇರೆ ಕಡೆ ಕರೀತಾವ್ರೆ, ಓಗ್ಲಾ?" ಎಂದು ಕೇಳಿದಾಗ, "ಓಗಂಗಿದ್ರೆ ಓಗು. ವಾಪಸ್ ಬರೋವಾಗ ಕೇಳ್ಬ್ಯಾಡ, ಸೀದಾ ಬಾ," ಎಂದಳು. ವೇಣಿ ಹೋಗಲಿಲ್ಲ.

ಸೊಣ್ಣಪ್ಪ ಪೀಣ್ಯದ ಹಳೇ ಗೆಳೆಯರನ್ನೆಲ್ಲ ಸೇರಿಸಿಕೊಂಡು ಕಬ್ಬಿಣದ ದೊಡ್ಡ ಡ್ರಮ್ಮು, ಪಂಪು, ಪೈಪು ಎಲ್ಲ ಜೋಡಿಸಿದ. ಅಧಿಕಾರಿಯ ಅನುಮತಿ ಪಡೆದು, ಮೊಹರು ತೆಗೆಸಿ ಮೊದಲ ಸಲ ಓಡಿಸಿ ನೋಡಿದ ದಿನ ದೊಡ್ಡ ಫಜೀತಿ. ಹೊಗೆ ಮೇಲಕ್ಕೆ ಹೋಗುವ ಬದಲು ಒಳಕ್ಕೇ ತಿರುಗಿತು. ಕೆಂಪು ನೀರು ನೆಲಕ್ಕೆ ಉಕ್ಕಿತು. ಎಲ್ಲರೂ ಅಳುತ್ತಾ, ಸೀನುತ್ತಾ, ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಓಡಿ ಬಂದರು. ಹೊಂಗೆ ಮರದ ಕೆಳಗೆ ಕೂತು ಮೂಗೊರೆಸಿಕೊಳ್ಳುತ್ತಾ ಪದ್ಮಾವತಿ ನಕ್ಕಳು. ನಗು ತಡೆಯಲಾಗಲಿಲ್ಲ. ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದವರು ಇವರಿಗೇನೋ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಸೊಣ್ಣಪ್ಪ ಮಾತ್ರ ಗಂಭೀರವಾಗಿ, "ಫ್ಯಾನು ಚಿಕ್ಕದಾಯ್ತು," ಎಂದ.

ದೊಡ್ಡ ಫ್ಯಾನು ಬಂತು. ಖಾರದ ನೀರು ಚರಂಡಿಗೆ ಹೋಗದ ಹಾಗೆ ತೊಟ್ಟಿ ಕಟ್ಟಿದರು. ಚಿಮಣಿ ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿಗಿಂತ ಮೇಲೆ ಹೋಯಿತು. ಪದ್ಮಾವತಿ ಪರಿಶೀಲನೆಗೆ ಬನ್ನಿ ಎಂದು ಅರ್ಜಿ ಕೊಟ್ಟಳು. ಡಾಕ್ಟರ್ ಕೃಪಾ, "ಕಾರ್ಖಾನೇಲಿ ನಿಂತು ನೋಡಿದ್ರೆ ಪ್ರಯೋಜನ ಇಲ್ಲ. ತೊಂದರೆ ಆಗ್ತಿರೋ ಮನೇಲಿ ನಿಂತು ನೋಡಬೇಕು," ಎಂದರು.

ಅಲ್ಲಿ ಹೊಸ ಅಡ್ಡಿ ಎದ್ದಿತು. ಸಂಘ ಒಪ್ಪಲಿಲ್ಲ. ಮುಚ್ಚಬೇಕು ಎನ್ನುವುದೇ ನಮ್ಮ ಬೇಡಿಕೆ, ಪರೀಕ್ಷೆ ಗಿರೀಕ್ಷೆ ನಮಗೆ ಬೇಡ, ಒಳಗೆ ಯಾರನ್ನೂ ಬಿಡುವುದಿಲ್ಲ ಎಂದು ರಾಮಪ್ರಸಾದರು ಬರೆದು ಕಳಿಸಿದರು. ಕಾರ್ಖಾನೆಯ ಜಾಗದಲ್ಲಿ ದೊಡ್ಡ ಕಟ್ಟಡ ಬಂದರೆ ನಮ್ಮ ಮನೆಗಳಿಗೂ ಬೆಲೆ ಬರುತ್ತದೆ ಎಂಬ ಮಾತು ಸಂಘದಲ್ಲಿ ಓಡಾಡುತ್ತಿತ್ತು. ಯಾರು ತೇಲಿಬಿಟ್ಟರೋ ಗೊತ್ತಿಲ್ಲ.

ಪರಿಶೀಲನೆಗೆ ಗೊತ್ತುಮಾಡಿದ ಬೆಳಿಗ್ಗೆ ಅಧಿಕಾರಿ, ಅವರ ಇಬ್ಬರು ಸಿಬ್ಬಂದಿ, ಪದ್ಮಾವತಿ ಎಲ್ಲರೂ ಗೇಟಿನ ಹೊರಗೇ ನಿಂತರು. ಕಾವಲುಗಾರ ಫೋನು ಹಿಡಿದು, ಒಪ್ಪಿಗೆ ಬಂದಿಲ್ಲ ಮೇಡಂ ಎಂದು ಸಂಕೋಚದಿಂದ ಹೇಳಿದ. ರಾಮಪ್ರಸಾದರು ಕೈಕಟ್ಟಿ ಒಳಗೆ ನಿಂತಿದ್ದರು. ಅಧಿಕಾರಿ ವಾಚು ನೋಡಿಕೊಂಡರು. ಇನ್ನು ಹೊರಟೇಬಿಡುತ್ತಾರೆ ಎನ್ನುವಾಗ ಲಿಫ್ಟಿನಿಂದ ಭಾನುಮತಿ ಬಂದಳು.

"ಗೇಟ್ ತೆಗಿಯಪ್ಪ. ನನ್ನ ಮನೆಗೆ ಬಂದಿರೋರು."

"ಭಾನು, ಇದು ಸಂಘದ ತೀರ್ಮಾನ," ಎಂದರು ರಾಮಪ್ರಸಾದರು ತಗ್ಗಿದ ದನಿಯಲ್ಲಿ.

"ಮನೆ ಸಂಘದ್ದಲ್ಲ. ಅರ್ಧ ನನ್ನ ಪಿ.ಎಫ್. ದುಡ್ಡು. ಮಗು ಕೆಮ್ಮು ನಿಲ್ಲಲಿ ಅಂತ ಸಹಿ ಹಾಕಿದೆ ರೀ. ನಿಂತಿದೆಯೋ ಇಲ್ವೋ ನೋಡೋದು ಬೇಡ್ವಾ?"

"ನಾಳೆ ಮೀಟಿಂಗಲ್ಲಿ ನಾನೇನು ಹೇಳ್ಲಿ?"

"ಹೆಂಡತಿ ಮಾತು ಕೇಳಲ್ಲ ಅನ್ನಿ. ಎಲ್ಲರಿಗೂ ಅರ್ಥ ಆಗುತ್ತೆ."

ಕಾವಲುಗಾರ ನಗು ಮುಚ್ಚಿಕೊಳ್ಳಲು ಬಗ್ಗಿ ಗೇಟಿನ ಅಗುಳಿ ತೆಗೆದ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎಲ್ಲರೂ ನಿಂತರು. ಪದ್ಮಾವತಿ ಫೋನಿನಲ್ಲಿ ಗುಂಟೂರು ಕಾಯಿಯೇ ಹಾಕಲು ಹೇಳಿದಳು. ಚಿಮಣಿಯ ತುದಿಯಲ್ಲಿ ಬೆಳ್ಳಗಿನ ಆವಿ ಕಾಣಿಸಿಕೊಂಡಿತು. ಗಾಳಿ ಇವರ ಕಡೆಗೇ ಬೀಸುತ್ತಿತ್ತು. ಸಿಬ್ಬಂದಿ ಗಾಳಿಯ ಹೊಗೆ ಅಳೆಯುವ ಯಂತ್ರ ಇಟ್ಟುಕೊಂಡು ಕಾದರು. ಸಮನ್ವಿತಾ ಬಾಗಿಲಲ್ಲಿ ನಿಂತು ಬಿಸ್ಕತ್ತು ತಿನ್ನುತ್ತಿದ್ದಳು. ಅಜ್ಜಿ ಒಳಗೆ ಹೋಗು ಎಂದರೂ ಹೋಗಲಿಲ್ಲ. ಪದ್ಮಾವತಿ ಚಿಮಣಿಯನ್ನು ನೋಡಲಿಲ್ಲ. ಆ ಹುಡುಗಿಯ ಗಂಟಲನ್ನೇ ನೋಡುತ್ತಾ ನಿಂತಿದ್ದಳು.

ಹುಡುಗಿ ಬಿಸ್ಕತ್ತು ಮುಗಿಸಿ ಇನ್ನೊಂದು ಕೇಳಿದಳು.

"ವಾಸನೆ ಇದೆ," ಎಂದಳು ಭಾನುಮತಿ ಮೂಗು ಅರಳಿಸಿ. "ಘಾಟು ಇಲ್ಲ."

"ವಾಸ್ನೆ ಇರ್ತದೆ," ಎಂದಳು ಪದ್ಮಾವತಿ. "ಅದನ್ನೂ ತೊಳೆದ್ಬಿಟ್ರೆ ಪುಡಿ ಯಾತಕ್ಕೆ?"

ಪರವಾನಗಿ ಒಂದು ವರ್ಷದ ಮಟ್ಟಿಗೆ ಬಂತು, ಷರತ್ತುಗಳ ಜೊತೆಗೆ. ಮಕ್ಕಳು ಶಾಲೆಯಲ್ಲಿರುವ ಹೊತ್ತಿನಲ್ಲಿ ಮಾತ್ರ ಹುರಿಯಬೇಕು, ತೊಟ್ಟಿಯ ನೀರು ಹೊರಗೆ ಬಿಡಬಾರದು, ಹೀಗೆ. ಪದ್ಮಾವತಿ ಅಧಿಕಾರಿಯ ಮುಂದೆ ಕೂತು ಒಂದೊಂದನ್ನೂ ನಿಧಾನವಾಗಿ ಓದಿದಳು. ದೂರು ಬಂದರೆ ಮುನ್ಸೂಚನೆಯಿಲ್ಲದೆ ಮೊಹರು ಹಾಕಲಾಗುವುದು ಎಂಬಲ್ಲಿ ಬೆರಳು ನಿಲ್ಲಿಸಿದಳು.

"ಇದು ಆಗಾಕಿಲ್ಲ ಮೇಡಂ. ಯಾರೋ ಒಬ್ಬರು ಸಿಟ್ಟಿಗೆ ಒಂದು ಚೀಟಿ ಬರೆದ್ರೆ ನನ್ನ ಬಾಗ್ಲು ಮುಚ್ಚಂಗಿಲ್ಲ. ಮೊದ್ಲು ಬಂದು ನೋಡಿ. ತಪ್ಪಿದ್ರೆ ನಾನೇ ಮುಚ್ತೀನಿ."

"ಪರವಾನಗಿ ಸಿಕ್ತಲ್ಲ, ಸುಮ್ನೆ ತಗೊಂಡು ಹೋಗ್ಬಾರ್ದಾ?" ಎಂದರು ಡಾಕ್ಟರ್ ಕೃಪಾ.

"ಇಂಗೆ ಸುಮ್ನೆ ತಗೊಂಡ್ರೆ ಮುಂದಿನ್ ಸಲ ಇನ್ನೊಂದು ಸೇರ್ತದೆ."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಆ ಸಾಲನ್ನು 'ಸ್ಥಳ ಪರಿಶೀಲನೆಯ ನಂತರ' ಎಂದು ತಿದ್ದಿ, ಹೊಸದಾಗಿ ಅಚ್ಚು ಹಾಕಿಸಿ ಸಹಿ ಮಾಡಿದರು.

ಬಿಟ್ಟುಹೋದ ಗಿರಾಕಿಗಳಲ್ಲಿ ಕೆಲವರು ತಿರುಗಿ ಬಂದರು, ಕೆಲವರು ಬರಲಿಲ್ಲ. ಅಂಬರೀಶ್ ಆ ಬಿಲ್ಡರಿಗೆ ಬೇರೆ ಜಾಗ ಹುಡುಕಿಕೊಟ್ಟ. ಹಬ್ಬಕ್ಕೆ ಬಂದು ಊಟ ಮಾಡಿಕೊಂಡು ಹೋದ, ಜಾಗದ ಮಾತೆತ್ತಲಿಲ್ಲ. ರಾಮಪ್ರಸಾದರು ಪದ್ಮಾವತಿ ಎದುರಾದರೆ ಈಗಲೂ ಮುಖ ತಿರುಗಿಸುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಸಂಘದಿಂದ ಇನ್ನೊಂದು ದೂರು ಬಂತು: ಮೆಣಸಿನಕಾಯಿ ಲಾರಿ ರಸ್ತೆಯಲ್ಲಿ ನಿಲ್ಲುತ್ತದೆ, ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸದ ಹೆಂಗಸರು ಕಾಂಪೌಂಡಿನ ಪಕ್ಕ ಕೂತು ಜೋರಾಗಿ ಮಾತಾಡುತ್ತಾರೆ, ನಗುತ್ತಾರೆ.

ಪದ್ಮಾವತಿ ಅದೇ ದಿನ ಲಾರಿಯನ್ನು ಒಳಗೆ ನಿಲ್ಲಿಸಲು ಜಾಗ ಮಾಡಿಸಿದಳು. ಆಮೇಲೆ ಊಟದ ಡಬ್ಬಿ ಹಿಡಿದು ಹೊಂಗೆ ಮರದ ಕೆಳಗೆ ಬಂದಳು. ವೇಣಿ ಮತ್ತು ಉಳಿದವರು ದೂರಿನ ಸುದ್ದಿ ಕೇಳಿ ಪಿಸುಮಾತಿಗೆ ಇಳಿದಿದ್ದರು.

"ಯಾಕೆ, ಗಂಟ್ಲು ಕಟ್ತಾ?" ಎಂದು ಅವರ ನಡುವೆ ಜಾಗ ಮಾಡಿಕೊಂಡು ಕೂತಳು ಪದ್ಮಾವತಿ. "ಮಾತಾಡಕ್ಕೆ ಯಾವ ಲೈಸನ್ಸೂ ಬ್ಯಾಡ. ಏನೋ ಏಳ್ತಿದ್ದೆಯಲ್ಲ ವೇಣಿ, ನಿಮ್ಮತ್ತೆ ಕಥೆ? ಮೊದಲಿಂದ ಏಳು, ಎಲ್ಲರ್ಗೂ ಕೇಳಂಗೆ."